ಊರು ಬಿಡದವರ ಮುಂದೆ ಯಾರೂ ಮೈಕ್ ಹಿಡಿಯಲ್ಲ

2025ರ ಜೂನ್ ಮೊದಲ ವಾರ, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ತೋಟಕ್ಕೆ ಯೂಟ್ಯೂಬ್‌ನವರು ಬಂದಿದ್ದರು. ಇಬ್ಬರು ಹುಡುಗರು, ಒಂದು ಕ್ಯಾಮೆರಾ, ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು. "ಬೆಂಗಳೂರು ಬಿಟ್ಟು ಊರಿಗೆ ಬಂದವರ ಬಗ್ಗೆ ಒಂದಷ್ಟು ವಿಡಿಯೋ ಮಾಡ್ತಿದ್ದೇವೆ ಸಾರ್" ಅಂದರು. ಯಾರೋ ನನ್ನ ನಂಬರ್ ಕೊಟ್ಟಿದ್ದರಂತೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತೋಟಕ್ಕೆ ಇಳಿದೆ. ಅಡಿಕೆ ತೋಟಕ್ಕೆ ಇಸ್ತ್ರಿ ಅಂಗಿ! ಅಮ್ಮ ಜಗಲಿಯಿಂದಲೇ ನಕ್ಕಳು.

ಆ ವರ್ಷ ಮಳೆಗಾಲ ಮೇ ತಿಂಗಳಲ್ಲೇ ಬಂದುಬಿಟ್ಟಿತ್ತಲ್ಲ, ಆ ವಾರ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಅದೇ ಸಮಯ ನೋಡಿಕೊಂಡು ತಮ್ಮ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸೋಕೆ ಹೊರಟಿದ್ದ. ಒಂದು ಡ್ರಮ್ಮಿನಲ್ಲಿ ಸುಣ್ಣದ ನೀರು, ಇನ್ನೊಂದರಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು. ಎರಡೂ ಸೇರಿದಾಗ ಬರುವ ಆ ತಿಳಿನೀಲಿ ಬಣ್ಣ ನೋಡಿ ಕ್ಯಾಮೆರಾ ಹುಡುಗನಿಗೆ ಆಸೆ ಆಯ್ತು. "ಸಾರ್, ನೀವೇ ಕಲಸುವ ಹಾಗೆ ಒಂದು ಶಾಟ್ ತಗೊಳ್ಳೋಣ" ಅಂದ. ಆಮೇಲೆ ತಮ್ಮನ ಕಡೆ ತಿರುಗಿ, "ಅಣ್ಣ, ನೀವು ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಫ್ರೇಮಲ್ಲಿ ಬರ್ತಿದ್ದೀರ."

ತಮ್ಮ ಏನೂ ಹೇಳಲಿಲ್ಲ. ಕಲಸುವ ಕೋಲು ನನ್ನ ಕೈಗೆ ಕೊಟ್ಟು, ಕೈಯನ್ನು ಲುಂಗಿಗೆ ಒರೆಸಿಕೊಂಡು, ಬಾಳೆ ಗಿಡದ ಪಕ್ಕ ಹೋಗಿ ನಿಂತ.

ನಾನು ಕಲಸಿದೆ. "ಇದಕ್ಕೆ ಏನೇನು ಎಷ್ಟೆಷ್ಟು ಹಾಕ್ತೀರ ಸಾರ್?" ಅಂತ ಹುಡುಗ ಕೇಳಿದ. ನಾನು ಬಾಳೆ ಗಿಡದ ಕಡೆ ನೋಡಿದೆ. ಅಲ್ಲಿಂದ ಉತ್ತರ ಬಂತು, "ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ." ಅದನ್ನೇ ನಾನು ಕ್ಯಾಮೆರಾ ನೋಡಿ ಗಂಭೀರವಾಗಿ ಹೇಳಿದೆ. ವಿಡಿಯೋದಲ್ಲಿ ಅದಿದೆ. ಬಾಳೆ ಗಿಡದಿಂದ ಬಂದ ದನಿಯನ್ನು ಕತ್ತರಿಸಿದ್ದಾರೆ.

ವಿಡಿಯೋದ ಹೆಸರು "ಲಕ್ಷ ಸಂಬಳದ ಕೆಲಸ ಬಿಟ್ಟು ಅಡಿಕೆ ಬೆಳೆದ ಸಾಗರದ ಇಂಜಿನಿಯರ್". ಇದರಲ್ಲಿ ಸಾಗರ ಮತ್ತು ಇಂಜಿನಿಯರ್ ಎರಡು ಮಾತ್ರ ನಿಜ. ಕೆಲಸ ನಾನು ಬಿಟ್ಟಿಲ್ಲ, ಮಹಡಿ ಮೇಲಿನ ಕೋಣೆಯಲ್ಲಿ ಕೂತು ಅದೇ ಕಂಪನಿಗೆ ದುಡಿಯುತ್ತಿದ್ದೇನೆ. ಅಡಿಕೆ ನಾನು ಬೆಳೆದದ್ದಂತೂ ಅಲ್ಲವೇ ಅಲ್ಲ. ಅಜ್ಜ ನೆಟ್ಟ ತೋಟ, ಅಪ್ಪಯ್ಯ ನೋಡಿಕೊಂಡ ತೋಟ, ಕಳೆದ ಹದಿನಾರು ವರ್ಷದಿಂದ ತಮ್ಮ ಉಳಿಸಿಕೊಂಡು ಬಂದ ತೋಟ. ಕೆಳಗೆ ಕಾಮೆಂಟುಗಳು ನೋಡಬೇಕು. "ನಿಮ್ಮಂಥವರು ಬೇಕು ಸಾರ್", "ಮಣ್ಣಿನ ಋಣ ತೀರಿಸಿದಿರಿ". ಮಣ್ಣಿನ ಋಣ ತೀರಿಸುತ್ತಾ ಇದ್ದವನು ಫ್ರೇಮಿನ ಆಚೆ ನಿಂತಿದ್ದ ಮಾರಾಯ್ರೇ.

ಅವತ್ತಿನಿಂದ ಇದನ್ನು ಬರೀಬೇಕು ಅಂದುಕೊಂಡಿದ್ದೆ. ಊರಿಗೆ ವಾಪಸ್ ಬಂದವರ ಕಥೆ ಈಗ ಎಲ್ಲ ಕಡೆ ಇದೆ. ನಾವೇ ಬರೆದುಕೊಳ್ಳುತ್ತೇವೆ, ನಾವೇ ಹಂಚಿಕೊಳ್ಳುತ್ತೇವೆ, ಮುಂಜಾನೆ ಮಂಜಿನ ಫೋಟೋ ಹಾಕಿ ನಾವೇ ಹಾರ್ಟ್ ಒತ್ತುತ್ತೇವೆ. ಊರು ಬಿಡದೆ ಇಲ್ಲೇ ಉಳಿದವರ ಕಥೆ ಎಲ್ಲೂ ಇಲ್ಲ. ಅವರು ಉಳಿದದ್ದರಿಂದಲೇ ನಮಗೆ ವಾಪಸ್ ಬರೋಕೆ ಒಂದು ಊರು ಅಂತ ಉಳಿದಿತ್ತು. ಬೀಗ ಹಾಕಿದ ಮನೆ ಮಲೆನಾಡಿನಲ್ಲಿ ನಾಲ್ಕು ಮಳೆಗಾಲ ತಡೆಯಲ್ಲ. ಹಂಚು ಜಾರುತ್ತೆ, ಮಾಡಿನ ಪಕಾಸಿಗೆ ಗೆದ್ದಲು ಬರುತ್ತೆ, ಐದನೇ ವರ್ಷ ಗೋಡೆ ಮಲಗುತ್ತೆ. ನಮ್ಮ ಕೇರಿಯಲ್ಲೇ ಅಂಥ ಎರಡು ಮನೆ ಇವೆ.

ನಾನು ಊರು ಬಿಟ್ಟದ್ದು 2002ರಲ್ಲಿ. ಆಗ ಸಾಗರದಿಂದ ತಾಳಗುಪ್ಪಕ್ಕೆ ಹಳೇ ಮೀಟರ್‌ಗೇಜ್ ಹಳಿ ಮೇಲೆ ರೈಲ್‌ಬಸ್ಸು ಓಡಾಡುತ್ತಿತ್ತು. ಹೆಸರಿಗೆ ರೈಲು, ನೋಡಿದರೆ ಬಸ್ಸು. ಅದನ್ನು ನೋಡಿ ನಗುತ್ತಿದ್ದೆವು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಗಿ, ಬೆಂಗಳೂರಿಗೆ ನೇರ ರೈಲು ಬಂತು. ನಾವು ಬೆಂಗಳೂರಿನಲ್ಲಿದ್ದವರು "ಅಬ್ಬಾ, ಊರು ಹತ್ತಿರ ಆಯ್ತು" ಅಂದುಕೊಂಡೆವು. ಹತ್ತಿರ ಆದದ್ದು ನಮಗೆ ಹಬ್ಬಕ್ಕೆ ಬರೋಕೆ, ಎರಡು ಡಬ್ಬಿ ಉಪ್ಪಿನಕಾಯಿ, ಒಂದು ಚೀಲ ತೆಂಗಿನಕಾಯಿ ಹೊತ್ತುಕೊಂಡು ಹೋಗೋಕೆ. ಬೆಂಗಳೂರು, ಮೂರು ವರ್ಷ ಹೈದರಾಬಾದ್, ಮತ್ತೆ ಬೆಂಗಳೂರು. ಒಟ್ಟು 20 ವರ್ಷ. ಅದರ ಬಗ್ಗೆ ಹೇಳೋಕೆ ಹೊಸದೇನಿಲ್ಲ. ಟ್ರಾಫಿಕ್ಕು, ಬಾಡಿಗೆ, ನೀರಿನ ಟ್ಯಾಂಕರು, ನಿಮಗೆಲ್ಲ ಗೊತ್ತಿರೋದೇ.

2016ರ ಒಂದು ರಾತ್ರಿಯ ಮಾತು ಹೇಳುತ್ತೇನೆ. ಆಗಸ್ಟ್ ತಿಂಗಳು, ಸುರಿಯುವ ಮಳೆ, ಕರೆಂಟ್ ಹೋಗಿ ಮೂರು ದಿನ. ಅಪ್ಪಯ್ಯನಿಗೆ ಊಟ ಮಾಡುತ್ತಾ ಕೂತಲ್ಲೇ ಬಲಗೈ ಎತ್ತೋಕೆ ಆಗಲಿಲ್ಲ, ಮಾತು ತೊದಲಿತು. ಪಾರ್ಶ್ವವಾಯು. ನಮ್ಮ ಮನೆಯಲ್ಲಿ ಫೋನ್ ಸಿಗ್ನಲ್ ಸಿಗೋದು ಬ್ಯಾಣದ, ಅಂದರೆ ಹುಲ್ಲುಗಾವಲಿನ, ದಿಬ್ಬದ ಮೇಲೆ ಹತ್ತಿದರೆ ಮಾತ್ರ. ತಮ್ಮ ಫೋನು ಮಾಡುತ್ತಾ ಕೂರಲಿಲ್ಲ, ಪಕ್ಕದ ಮನೆಯವರ ಜೀಪು ತಂದ. ರಸ್ತೆಗೆ ಮರ ಬಿದ್ದಿತ್ತು. ಇಬ್ಬರು ಇಳಿದು ಕತ್ತಿಯಲ್ಲಿ ಕೊಂಬೆ ಕಡಿದು ದಾರಿ ಮಾಡಿಕೊಂಡು ಸಾಗರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ 70 ಕಿ.ಮೀ. ಶಿವಮೊಗ್ಗಕ್ಕೆ. ನನಗೆ ಫೋನ್ ಬಂದದ್ದು ಬೆಳಗಿನ ಜಾವ ಎರಡೂವರೆಗೆ. ನಾನು ಹಾಸಿಗೆಯಲ್ಲೇ ಕೂತು ಮೊಬೈಲಿನಲ್ಲಿ ದುಡ್ಡು ಕಳಿಸಿದೆ. ಬಹಳ ವರ್ಷ ನಾನು ಎಲ್ಲರ ಹತ್ತಿರ "ಅಪ್ಪಯ್ಯನ ಆಸ್ಪತ್ರೆ ಖರ್ಚೆಲ್ಲ ನಾನೇ ನೋಡ್ಕೊಂಡೆ" ಅಂತ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳಲ್ಲ. ಆದರೆ ಆಮೇಲೆ ಅಪ್ಪಯ್ಯ ನಾಲ್ಕು ವರ್ಷ ಹಾಸಿಗೆಯಲ್ಲಿದ್ದರಲ್ಲ, ಬೆಳಿಗ್ಗೆ ಬಚ್ಚಲಿಗೆ ಎತ್ತಿಕೊಂಡು ಹೋಗಿದ್ದು ಯಾರು ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ತಮ್ಮ ಸಾಗರದಲ್ಲೇ ಬಿ.ಕಾಂ. ಮಾಡಿದವನು. ದಡ್ಡನಲ್ಲ, ಲೆಕ್ಕದಲ್ಲಿ ನನಗಿಂತ ಒಂದು ಕೈ ಮೇಲೆ. ಮನೆಯಲ್ಲಿ ಒಬ್ಬ ಇರಬೇಕು ಅಂತ ಉಳಿದ. ಯಾರೂ ಕೂರಿಸಿಕೊಂಡು ಮಾತಾಡಿ ತೀರ್ಮಾನ ಮಾಡಿದ್ದಲ್ಲ. ನಾನು ಹೋಗಿದ್ದೆ, ಹಾಗಾಗಿ ಅವನು ಉಳಿದ, ಅಷ್ಟೇ. ಅದಕ್ಕೆ ಅವನಿಗೆ ಸಿಕ್ಕ ಹೆಸರು "ಮನೇಲೇ ಇದಾನೆ". ಗಮನಿಸಿದ್ದೀರಾ? ಬೆಂಗಳೂರಿನಲ್ಲಿರುವವನು ಏನು ಮಾಡ್ತಾನೆ ಅಂದರೆ ಕೆಲಸದಲ್ಲಿದಾನೆ. ಎಂಟು ಎಕರೆ ತೋಟ, ಎರಡು ದನ, ಹಾಸಿಗೆ ಹಿಡಿದ ಅಪ್ಪ, ಇಷ್ಟನ್ನೂ ನೋಡಿಕೊಳ್ಳುವವನು ಏನು ಮಾಡ್ತಾನೆ ಅಂದರೆ ಮನೇಲೇ ಇದಾನೆ.

ಹೆಣ್ಣು ನೋಡುವಾಗಲೂ ಇದೇ. ಮಲೆನಾಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಕ ಹೋಗುತ್ತೆ, "ಹುಡುಗ ಏನು ಮಾಡೋದು?" ಅಂತ ಕೇಳ್ತಾರೆ, "ತೋಟ" ಅಂತೀವಿ, ಆಮೇಲೆ ಆ ಕಡೆಯಿಂದ ಫೋನೇ ಇಲ್ಲ. ಹುಡುಗಿಯರದ್ದು ತಪ್ಪು ಅಂತ ನಾನು ಹೇಳಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹೊತ್ತಿಸಿ, ಸಗಣಿ ಬಾಚಿ, ಸುಗ್ಗಿಯಲ್ಲಿ ಹತ್ತು ಜನ ಆಳಿಗೆ ಅಡುಗೆ ಮಾಡಿ ಸವೆದ ಅಮ್ಮಂದಿರನ್ನು ಅವರು ನೋಡಿದ್ದಾರೆ. ನನ್ನ ಅಮ್ಮನೇ ನನ್ನ ಅಕ್ಕನಿಗೆ ತೋಟದ ಮನೆ ಬೇಡ ಅಂತ ಹಟ ಹಿಡಿದವಳು. ಆದರೆ ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ನಾನು ಬೆಂಗಳೂರಿನಲ್ಲಿದ್ದಾಗ ಒಂದೇ ತಿಂಗಳಲ್ಲಿ ಮದುವೆ ಕುದುರಿತು. ಅದೇ ಮನೆ, ಅದೇ ತೋಟ, ಅದೇ ಅಪ್ಪ ಅಮ್ಮ. ಈಗ ನಾನೂ ಅದೇ ಮನೆಗೆ ಬಂದು ಕೂತಿದ್ದೇನೆ, ನನ್ನ ಹೆಂಡತಿಗೆ "ಎಷ್ಟು ಅದೃಷ್ಟ ನಿಂದು, ಎಂಥ ಗಾಳಿ ಎಂಥ ನೀರು" ಅಂತಾರೆ. ತಮ್ಮನಿಗೆ 37 ವರ್ಷ.

ಹಾಗಂತ ಅವನನ್ನು ದೇವರು ಮಾಡೋಕೆ ಹೊರಟಿಲ್ಲ. ಮಹಾ ಹಟಮಾರಿ. ಫೈಬರ್ ದೋಟಿ ತರೋಣ, ಮರ ಹತ್ತದೆ ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯಬಹುದು ಅಂತ ಎರಡು ವರ್ಷದಿಂದ ಹೇಳುತ್ತಿದ್ದೇನೆ. "ಕೊನೆಗಾರ ಇರೋವರೆಗೆ ನೋಡೋಣ" ಅಂತಾನೆ. ಎಲೆಚುಕ್ಕಿ ರೋಗ ಬಂದಾಗ ನಾನು ಇಂಟರ್‌ನೆಟ್ಟಿನಲ್ಲಿ ಓದಿ ಹೇಳಿದ್ದನ್ನು ಕೇಳಿಸಿಕೊಂಡು, ಒಂದು ಎಲೆಅಡಿಕೆ ಕವಳ ಹಾಕಿಕೊಂಡು ಎದ್ದು ಹೋದ. ಅಡಿಕೆಗೆ ಈಗ ಒಳ್ಳೇ ರೇಟಿದೆ, ಹಾಗಾಗಿ ಪಾಪ ಬಡವ ಅಂತ ಕಣ್ಣೀರು ಹಾಕುವ ಹಾಗೂ ಇಲ್ಲ. ನನ್ನ ಸಂಬಳದ ಬಗ್ಗೆ ಅವನಿಗೆ ಅಸೂಯೆ ಇದ್ದಂತಿಲ್ಲ. ಆದರೆ ನಾನು ಬಂದ ಮೊದಲ ವಾರ ಅವನು ಕೇಳಿದ್ದು ಒಂದೇ ಮಾತು. ರಾತ್ರಿ ಊಟ ಆದಮೇಲೆ, ಅಡಿಕೆ ಸುಲಿಯುತ್ತಾ, ಮುಖ ಎತ್ತದೆ, "ಹಿಸ್ಸೆ ಮಾಡ್ಕೊಳ್ಳೋಕೆ ಬಂದ್ಯಾ ಅಣ್ಣ?"

ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಇಪ್ಪತ್ತು ವರ್ಷ ಹಬ್ಬಕ್ಕೆ ಬಂದು ಹೋಗುತ್ತಿದ್ದವನು ಒಂದು ದಿನ ಲಾರಿಯಲ್ಲಿ ಫ್ರಿಜ್ಜು ಸೋಫಾ ತುಂಬಿಕೊಂಡು ಬಂದು ಇಳಿದರೆ, ಉಳಿದವನಿಗೆ ಇನ್ನೇನು ಅನಿಸಬೇಕು?

ನಾವು ವಾಪಸ್ ಬಂದವರು ಒಂದು ವಿಚಿತ್ರ ಜಾತಿ. ಬಂದು ಆರು ತಿಂಗಳಿಗೆ ಊರಿಗೆ ಬುದ್ಧಿ ಹೇಳೋಕೆ ಶುರು ಮಾಡ್ತೀವಿ. ಕಸ ವಿಂಗಡಿಸಿ ಅಂತೀವಿ, ಸೊಸೈಟಿಯಲ್ಲಿ ಪಾರದರ್ಶಕತೆ ಇಲ್ಲ ಅಂತೀವಿ, ಹೋಂಸ್ಟೇ ಮಾಡಿ ಅಂತೀವಿ. ಕೆಲವರು ಹೋಂಸ್ಟೇ ಮಾಡೇ ಬಿಡ್ತಾರೆ, ಪಕ್ಕದ ಜಾಗಕ್ಕೆ ಇಲ್ಲಿಯವರು ಕೇಳರಿಯದ ರೇಟು ಕೊಟ್ಟು. ಅದರಲ್ಲಿ ಒಳ್ಳೆಯದೂ ಇದೆ, ಪೂರ್ತಿ ತೆಗೆದುಹಾಕಲ್ಲ. ಹೆಗ್ಗೋಡಿನ ಸುಬ್ಬಣ್ಣನವರು ಮೈಸೂರಲ್ಲಿ ಓದಿ ವಾಪಸ್ ಬಂದವರೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಜಗತ್ತಿಗೆ ಹೆಗ್ಗೋಡು ಗೊತ್ತಾಯ್ತು. ಆದರೆ ಅಲ್ಲಿಯ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಊರವರೇ ಸೇರಿ ಕಟ್ಟಿಕೊಂಡದ್ದು. ಹಗಲು ತೋಟದಲ್ಲಿ ದುಡಿದು ರಾತ್ರಿ ಬಣ್ಣ ಹಚ್ಚುವ ಜನ ಆ ಊರಿನಲ್ಲಿ ಇದ್ದರು. ಬಂದವರಿಗೆ ಜೊತೆಗೆ ನಿಲ್ಲುವವರು ಸಿಕ್ಕಿದ್ದು ಅದಕ್ಕೇ.

ಇನ್ನು ಸಿಗಂದೂರು ಸೇತುವೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತು. ಅಂಬಾರಗೋಡ್ಲು ಕಳಸವಳ್ಳಿ ನಡುವೆ, ಶರಾವತಿ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದ. ಮಾರನೇ ವಾರದಿಂದ ನನ್ನ ಬೆಂಗಳೂರಿನ ಗೆಳೆಯರ ವಾಟ್ಸಾಪ್ ತುಂಬ ಡ್ರೋನ್ ವಿಡಿಯೋ. "ಸೂಪರ್ ಕಣೋ, ಈ ವೀಕೆಂಡ್ ಬರ್ತೀವಿ!" ಬನ್ನಿ, ಬೇಡ ಅನ್ನಲ್ಲ. ಆದರೆ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಬೆಳಕು ಕೊಡೋಕೆ ಊರು ಮುಳುಗಿಸಿಕೊಂಡು, ಹಿನ್ನೀರಿನಾಚೆಯ ತುಮರಿ ಕಡೆಯವರು ದ್ವೀಪದ ಹಾಗಾದರು. ಅಲ್ಲಿಂದ 60 ವರ್ಷ ಅವರು ಲಾಂಚ್ ನಂಬಿಕೊಂಡು ಬದುಕಿದರು. ಕತ್ತಲಾದ ಮೇಲೆ ಲಾಂಚ್ ಇರಲಿಲ್ಲ. ಕತ್ತಲಾದ ಮೇಲೆ ಹೆರಿಗೆ ನೋವು ಬಂದರೆ? ಹಾವು ಕಚ್ಚಿದರೆ? ಹೊಳೆ ದಾಟೋಕೆ ಇಲ್ಲದೆ ಕಾಡು ಸುತ್ತಿ ಹೋಗಬೇಕಿತ್ತು. ಸೇತುವೆ ಬೇಕು ಅಂತ ಸಭೆ ಮಾಡಿದವರು, ಪಾದಯಾತ್ರೆ ಮಾಡಿದವರು, ಬಂದ ಬಂದ ಮಂತ್ರಿಗಳಿಗೆಲ್ಲ ಮನವಿ ಕೊಟ್ಟವರು ಅಲ್ಲೇ ಉಳಿದಿದ್ದ ಜನ. ಬೆಂಗಳೂರಿನಲ್ಲಿ ಕೂತ ನಾವು ಒಂದು ಅರ್ಜಿಗೂ ಸಹಿ ಹಾಕಿದ್ದಿಲ್ಲ.

2019ರ ಹೊತ್ತಿಗೆ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಬಂದು ಜನ ಸತ್ತರಲ್ಲ, ಆಗ ನಾನು ಹೈದರಾಬಾದಿನಲ್ಲಿದ್ದೆ. ದಿನಾ ಪೇಪರ್ ಓದಿ ತಮ್ಮನಿಗೆ ಫೋನ್ ಮಾಡಿ "ಕಾಡಿಗೆ ಹೋಗ್ಬೇಡ" ಅಂತಿದ್ದೆ. "ದರಕು ಯಾರು ತರ್ತಾರೆ, ನೀ ಬರ್ತ್ಯಾ?" ಅಂತಿದ್ದ. ದರಕು ಅಂದರೆ ಕಾಡಿನ ಒಣ ಎಲೆ. ಉಣುಗು ಕಚ್ಚದ ಹಾಗೆ ಡಿಎಂಪಿ ಎಣ್ಣೆ ಕೈಕಾಲಿಗೆ ಬಳಿದುಕೊಂಡು ಸೊಪ್ಪಿನಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಹೋಗುತ್ತಿದ್ದ.

ಹಾಗಾದರೆ ವಾಪಸ್ ಬರಬಾರದಾ ಅಂತ ಕೇಳಬೇಡಿ. ಬನ್ನಿ. ನನಗೆ ಇಲ್ಲಿ ಚೆನ್ನಾಗೇ ಇದೆ. ಸಾಗರದ ಪೇಟೆಗೆ ಹೋದರೆ ಅರ್ಧ ಗಂಟೆ ಕೆಲಸಕ್ಕೆ ಎರಡು ಗಂಟೆ ಬೇಕು, ಯಾಕೆಂದರೆ ದಾರಿಯಲ್ಲಿ ಐದು ಜನ "ಯಾವಾಗ ಬಂದಿದ್ದು?" ಅಂತ ಕೇಳ್ತಾರೆ. ಮೂರು ವರ್ಷದಿಂದ ಇಲ್ಲೇ ಇದೀನಿ ಮಾರಾಯ್ರೇ ಅಂದರೆ, "ಹಂಗಾ, ಯಾವಾಗ ವಾಪಸ್ಸು?" ಅಂತಾರೆ. ಬೇಜಾರಿಲ್ಲ. ಆದರೆ ಬಂದವರು ಬಂದದ್ದನ್ನೇ ದೊಡ್ಡ ತ್ಯಾಗ ಅನ್ನುವ ಹಾಗೆ ಹೇಳಿಕೊಂಡು ತಿರುಗಿದರೆ ಈಗೀಗ ನನಗೆ ಮೈ ಉರಿಯುತ್ತೆ. ಸಂಬಳ ಬೆಂಗಳೂರಿನದ್ದು, ಖರ್ಚು ಸಾಗರದ್ದು, ಅಮ್ಮ ಮಾಡಿದ ತಂಬುಳಿ ಬೇರೆ. ಇದರಲ್ಲಿ ತ್ಯಾಗ ಎಲ್ಲಿಂದ ಬಂತು?

ವಿಡಿಯೋದವರಿಗೆ ಫೋನ್ ಮಾಡಿ, ತಮ್ಮನದ್ದೂ ಒಂದು ಮಾಡಿ ಅಂದೆ. "ಅವರು ಎಲ್ಲಿ ಕೆಲಸ ಮಾಡ್ತಿದ್ರು ಸಾರ್ ಮುಂಚೆ?" ಅಂತ ಕೇಳಿದರು. ಎಲ್ಲೂ ಇಲ್ಲ, ಇಲ್ಲೇ ಅಂದೆ. "ನೋಡ್ತೀವಿ ಸಾರ್" ಅಂದರು. ಎರಡು ತಿಂಗಳಾಯ್ತು.

ಜುಲೈ ಕೊನೆಗೆ ಎರಡನೇ ಸಲ ಔಷಧಿ ಹೊಡೆಸಬೇಕಿತ್ತು. ಆ ಹೊತ್ತಿಗೆ ಸರಿಯಾಗಿ ತಮ್ಮ ನಾಲ್ಕು ದಿನ ಬೆಂಗಳೂರಿಗೆ ಹೋಗಬೇಕಾಯ್ತು, ಗೆಳೆಯನ ಮದುವೆ. "ನಾನು ಮಾಡಿಸ್ತೀನಿ, ನೀ ಹೋಗು" ಅಂದೆ. ಹೋಗಲೋ ಬೇಡವೋ ಅಂತ ಎರಡು ದಿನ ಒದ್ದಾಡಿ ಹೋದ. ಕೊನೆಗಾರ ಬೆಳಿಗ್ಗೆ ಏಳಕ್ಕೇ ಬಂದು ಪೈಪು ಬಿಚ್ಚಿಕೊಂಡು ಕೂತ. ನಾನು ತೂಕ ಮಾಡಿ, ಕರಗಿಸಿ, ಕಲಸಿದೆ. ಬಣ್ಣ ಅದೇ ತಿಳಿನೀಲಿ ಬಂತು. ದಿಬ್ಬ ಹತ್ತಿ ತಮ್ಮನಿಗೆ ಫೋನ್ ಮಾಡಿ ಆಯ್ತು ಅಂದೆ.

"ಚಾಕು ಅದ್ದಿ ನೋಡಿದ್ಯಾ?"

ಇಲ್ಲ. ಅದು ನನಗೆ ಗೊತ್ತೇ ಇರಲಿಲ್ಲ. ಓಡಿಬಂದು ಅಡುಗೆಮನೆಯ ಕಬ್ಬಿಣದ ಚಾಕು ಉಜ್ಜಿಕೊಂಡು ತೋಟಕ್ಕೆ ಇಳಿದು ಡ್ರಮ್ಮಿಗೆ ಅದ್ದಿ ಒಂದು ನಿಮಿಷ ಹಿಡಿದೆ. ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿತ್ತು. ಕೊನೆಗಾರ ಬಗ್ಗಿ ನೋಡಿದ, ಏನೂ ಹೇಳದೆ ಬೀಡಿ ಹಚ್ಚಿದ. ಮತ್ತೆ ದಿಬ್ಬ ಹತ್ತಿದೆ.

"ಕೆಂಪಾಗಿದೆ ಕಣೋ."

"ಸುಣ್ಣ ಸಾಲ್ಲ. ಕೊಟ್ಟಿಗೆ ಅಟ್ಟದ ಮೇಲೆ ಇನ್ನೊಂದು ಚೀಲ ಇದೆ ನೋಡು, ಬಲಗಡೆ."