ಕಂಡವರ ಮಕ್ಕಳು

ಮೊನ್ನೆ ಶನಿವಾರ ಸ್ನೇಹಿತರೊಬ್ಬರ ಮನೆಯಲ್ಲಿ ಊಟ. ಏಪ್ರಿಲ್ ಬಂತು ಅಂದರೆ ಟೆಕ್ಸಸ್‌ನ ಈ ಸ್ಯಾನ್ ಆಂಟೋನಿಯೋದಲ್ಲಿ ಯಾರ ಮನೆಗೆ ಹೋದರೂ ಒಂದೇ ಮಾತು: ತೆರಿಗೆ ಲೆಕ್ಕಕ್ಕೆ ನಿಮ್ಮ ಮನೆಯ ಬೆಲೆ ಇಷ್ಟಾಗಿದೆ ಅಂತ ಬರೋ ನೋಟಿಸು. ಬಿಸಿಬೇಳೆ ಬಾತ್ ತಟ್ಟೆಗೆ ಬೀಳೋ ಮೊದಲೇ "ನಿಮಗೆಷ್ಟು ಏರಿಸಿದ್ದಾರೆ?" ಶುರುವಾಯಿತು. ಅಲ್ಲಿಯವರೆಗೆ ಸರಿ, ನನಗೂ ಏರಿದೆ, ನನಗೂ ಹೊಟ್ಟೆ ಉರಿಯುತ್ತೆ. ಆಮೇಲೆ ಒಬ್ಬರು, ನಮಗಿಂತ ಹಿರಿಯರು, ಕಷ್ಟಕ್ಕೆ ಆಗೋ ಮನುಷ್ಯ, ತಟ್ಟೆ ಕೆಳಗಿಟ್ಟು ಹೇಳಿದರು: "ತೆರಿಗೆ ಕಟ್ಟೋಣಮ್ಮ, ಬೇಡ ಅನ್ನಲ್ಲ. ಆದರೆ ನಮ್ಮ ಶಾಲೆಗೆ ಅಂತ ಕಟ್ಟಿದ ದುಡ್ಡು ಕಂಡವರ ಮಕ್ಕಳಿಗೆ ಯಾಕೆ ಹೋಗಬೇಕು?"

ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನಾನು ಆವತ್ತು ಬಾಯಿ ಬಿಡಲಿಲ್ಲ. ಮೂರು ದಿನದಿಂದ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಊರಲ್ಲಿರೋ ನೆಂಟರಿಗೆ, ಗೆಳತಿಯರಿಗೆ ಅರ್ಥವಾಗಲಿ ಅಂತ ಸ್ವಲ್ಪ ಹೇಳ್ತೀನಿ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲು ಬರೋದು ಮನೆ, ಅಂಗಡಿ, ಜಮೀನಿನ ಮೇಲಿನ ತೆರಿಗೆಯಿಂದ. ಜನವರಿ 1ನೇ ತಾರೀಖು ನಿಮ್ಮ ಮನೆ ಮಾರಿದ್ದರೆ ಎಷ್ಟು ಬರುತ್ತಿತ್ತು ಅಂತ ಒಂದು ಕಚೇರಿ ಅಂದಾಜು ಕಟ್ಟುತ್ತೆ. ನೀವೇ ವಾಸವಿರೋ ಮನೆಯಾದರೆ ತೆರಿಗೆಗೆ ಹಿಡಿಯೋ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಅದರ ಮೇಲೆ ಶಾಲೆ ತೆರಿಗೆಗೆ ಬೇರೆ ವಿನಾಯಿತಿ: 2022ರಲ್ಲಿ 40,000 ಡಾಲರ್ ಆಯಿತು, 2023ರಲ್ಲಿ 1,00,000, 2025ರ ನವೆಂಬರ್‌ನಲ್ಲಿ ಜನ ಮತ ಹಾಕಿ 1,40,000 ಮಾಡಿದರು. ಉಳಿದ ಬೆಲೆಗೆ ಪ್ರತಿ 100 ಡಾಲರಿಗೆ ಇಷ್ಟು ಅಂತ ದರ. ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ನಗರಸಭೆ ಎಲ್ಲ ತಮ್ಮ ತಮ್ಮ ದರ ಹಾಕುತ್ತವೆ, ಎಲ್ಲಕ್ಕಿಂತ ದೊಡ್ಡದು ಶಾಲೆಯದು. ಅದನ್ನ ಹಾಕೋದು ಶಾಲಾ ಡಿಸ್ಟ್ರಿಕ್ಟು, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನ ನಡೆಸೋ ಮಂಡಳಿ. ಒಂದೇ ಊರಲ್ಲಿ ಇಂಥವು ಹಲವು ಇರುತ್ತವೆ. ಬೆಲೆ ಒಪ್ಪಿಗೆಯಾಗದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಅರ್ಜಿ ಹಾಕಬೇಕು.

ಈ ತಕರಾರಿನಲ್ಲಿ ನಮ್ಮವರು ಪಳಗಿದ್ದಾರೆ. ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸಲೇಬೇಕು ಅನ್ನೋ ಕಾನೂನು ಇಲ್ಲಿಲ್ಲ. ಹಾಗಾಗಿ ಕಚೇರಿಯ ಅಂದಾಜನ್ನ ಪ್ರಶ್ನೆ ಮಾಡೋಕೆ ದಾರಿ ಇದ್ದೇ ಇರುತ್ತೆ. ಅಕ್ಕಪಕ್ಕದ ಮನೆಗಳ ಪಟ್ಟಿ, ಗೋಡೆ ಬಿರುಕಿನ ಫೋಟೊ, ರಿಪೇರಿಯವನು ಬರೆದುಕೊಟ್ಟ ಖರ್ಚಿನ ಲೆಕ್ಕ, ಎಲ್ಲ ವಾಟ್ಸಾಪ್ ಗುಂಪಲ್ಲೇ ಸಿಗುತ್ತೆ. ಇಂಗ್ಲಿಷ್ ಬರುತ್ತೆ, ಆಫೀಸಲ್ಲಿ ಅರ್ಧ ದಿನ ರಜ ಸಿಗುತ್ತೆ, ಎಕ್ಸೆಲ್ ಗೊತ್ತು. ಇವು ಯಾವುವೂ ಇಲ್ಲದವರು ಬಂದ ನೋಟಿಸಿನಂತೆ ಕಟ್ಟುತ್ತಾರೆ. ಬಾಡಿಗೆ ಮನೆಯವರಿಗೆ ನೋಟಿಸೂ ಬರಲ್ಲ, ವಿನಾಯಿತಿಯೂ ಇಲ್ಲ. ಮಾಲೀಕ ಕಟ್ಟೋ ತೆರಿಗೆ ಅವರ ಬಾಡಿಗೆಯೊಳಗೇ ಸೇರಿರುತ್ತೆ. ಅವರೂ ಶಾಲೆಗೆ ತೆರಿಗೆ ಕಟ್ಟುತ್ತಿದ್ದಾರೆ ಅಂತ ನಾವು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಈಗ ಆ "ಕಂಡವರ ಮಕ್ಕಳ" ವಿಷಯ. ಇದು ನಮ್ಮ ಊರಿನದೇ ಕಥೆ. ನಾವೆಲ್ಲ ದಿನಸಿಗೆ ಹೋಗಿ ಬರೋ ದಾರಿಯಲ್ಲೇ ನಡೆದದ್ದು. 1968ರಲ್ಲಿ ಊರಿನ ಪಶ್ಚಿಮಕ್ಕಿರೋ ಎಡ್ಜ್‌ವುಡ್ ಅನ್ನೋ ಡಿಸ್ಟ್ರಿಕ್ಟಿನ ಹೈಸ್ಕೂಲು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಕಟ್ಟಡ ಸರಿಯಿಲ್ಲ, ಮೇಷ್ಟ್ರುಗಳಿಲ್ಲ ಅಂತ. ಡೆಮೆಟ್ರಿಯೊ ರೋಡ್ರಿಗಸ್ ಅನ್ನೋ ತಗಡಿನ ಕೆಲಸದ ಮನುಷ್ಯ, ಇನ್ನೂ ಕೆಲವು ಅಪ್ಪ ಅಮ್ಮಂದಿರ ಜೊತೆ ಕೋರ್ಟಿಗೆ ಹೋದರು. ಕೋರ್ಟಿನ ಮುಂದೆ ಬಂದ ಲೆಕ್ಕ ನೋಡಿ. ಎಡ್ಜ್‌ವುಡ್‌ನವರು ಪ್ರತಿ 100 ಡಾಲರಿಗೆ 1 ಡಾಲರ್ 5 ಸೆಂಟ್ ಕಟ್ಟಿದರೆ ಆ ತೆರಿಗೆಯಿಂದ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್. ಅದೇ ಊರಿನ ಅಲಾಮೊ ಹೈಟ್ಸ್‌ನವರು 85 ಸೆಂಟ್ ಮಾತ್ರ ಕಟ್ಟಿದರು, ಒಂದು ಮಗುವಿಗೆ 333 ಡಾಲರ್ ಸಿಕ್ಕಿತು. ಜಾಸ್ತಿ ಕಟ್ಟಿದವರ ಮಕ್ಕಳಿಗೆ ಕಡಿಮೆ, ಕಡಿಮೆ ಕಟ್ಟಿದವರ ಮಕ್ಕಳಿಗೆ ಜಾಸ್ತಿ! ಕಾರಣ ಒಂದೇ, ಒಂದು ಕಡೆ ಮನೆಗಳು ಬಡವರವು.

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5-4ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಎಡ್ಜ್‌ವುಡ್‌ನವರು ಬಿಡಲಿಲ್ಲ, ಟೆಕ್ಸಸ್‌ನ ಕೋರ್ಟಿಗೆ ಹೋದರು. 1989ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂದರು. ಆಗ ಅತಿ ಶ್ರೀಮಂತ ಡಿಸ್ಟ್ರಿಕ್ಟಿಗೂ ಅತಿ ಬಡ ಡಿಸ್ಟ್ರಿಕ್ಟಿಗೂ ತಲಾ ವಿದ್ಯಾರ್ಥಿಗೆ ಇದ್ದ ಆಸ್ತಿಯಲ್ಲಿ 700 ಪಟ್ಟು ವ್ಯತ್ಯಾಸ ಇತ್ತು. 1993ರಲ್ಲಿ ಬಂದ ಕಾನೂನನ್ನೇ ಜನ ರಾಬಿನ್ ಹುಡ್ ಅಂತ ಕರೆಯೋದು. ಆಸ್ತಿ ಜಾಸ್ತಿ ಇರೋ ಡಿಸ್ಟ್ರಿಕ್ಟು ಮಿಕ್ಕಿದ್ದನ್ನ, ಬಡ ಡಿಸ್ಟ್ರಿಕ್ಟುಗಳಿಗೆ ಅಂತ, ರಾಜ್ಯಕ್ಕೆ ಬಿಟ್ಟುಕೊಡಬೇಕು. ಇಪ್ಪತ್ತೈದು ವರ್ಷ ಮಕ್ಕಳು, ಅಪ್ಪ ಅಮ್ಮಂದಿರು ಹೋರಾಡಿ ಪಡೆದದ್ದು ಇದು. ಇಷ್ಟಾಗಿಯೂ ಕಟ್ಟಡದ ಸಾಲ ತೀರಿಸೋ ತೆರಿಗೆಯನ್ನ ಯಾರೂ ಯಾರ ಜೊತೆಗೂ ಹಂಚಿಕೊಳ್ಳಬೇಕಿಲ್ಲ. ನಮ್ಮ ಕಡೆಯ ದೊಡ್ಡ ದೊಡ್ಡ ಕ್ರೀಡಾಂಗಣಗಳು ನಮ್ಮವಾಗಿಯೇ ಇವೆ.

"ಹಂಗಲ್ಲಮ್ಮ, ಆ ಹಣದಿಂದ ರಾಜ್ಯ ತನ್ನ ಪಾಲು ಕಡಿಮೆ ಮಾಡಿಕೊಳ್ಳುತ್ತೆ" ಅಂತ ಇನ್ನೊಬ್ಬರು ಹೇಳಿದರು. ನಿಜ. ಮನೆ ಬೆಲೆ ಏರಿ ನಮ್ಮಿಂದ ಜಾಸ್ತಿ ಬಂದರೆ ರಾಜ್ಯ ಕೊಡೋದು ಇಳಿಯುತ್ತೆ, ಶಾಲೆಗೆ ಹೆಚ್ಚೇನೂ ಸಿಗಲ್ಲ. ಒಂದು ಮಗುವಿಗೆ ಇಷ್ಟು ಅಂತ ಗೊತ್ತು ಮಾಡೋ ಮೂಲ ಮೊತ್ತ 2019ರಿಂದ 6,160 ಡಾಲರಿನಲ್ಲೇ ನಿಂತಿತ್ತು. 2025ರಲ್ಲಿ ಶಿಕ್ಷಕರ ಸಂಬಳಕ್ಕೆ ಬೇರೆ ಹಣ ಕೊಟ್ಟರು, ಆದರೆ ಈ ಮೊತ್ತಕ್ಕೆ ಸೇರಿಸಿದ್ದು ಬರೀ 55 ಡಾಲರ್. ಹಾಗಾದರೆ ಸಿಟ್ಟು ಶಾಸಕರ ಮೇಲೆ ಬರಬೇಕಲ್ಲವಾ? ಎಡ್ಜ್‌ವುಡ್‌ನ ಮಗು ಏನು ಮಾಡಿತು?

"ದುಡ್ಡಿನಿಂದಲೇ ಶಾಲೆ ಆಗಲ್ಲ" ಅನ್ನೋ ಮಾತೂ ಬಂತು. ಹಾಗಾದರೆ ಒಳ್ಳೆ ಶಾಲೆಯ ಗಡಿಯೊಳಗಿದೆ ಅಂತ ನಾವು ಆ ಮನೆಗೆ ಅಷ್ಟು ದುಡ್ಡು ಯಾಕೆ ಸುರಿದೆವು?

ಚಿತ್ರದುರ್ಗ ಜಿಲ್ಲೆಯಲ್ಲಿ ನಾನು ಓದಿದ ಶಾಲೆ ಹೇಗಿತ್ತು ಅಂತ ಇದನ್ನು ಓದ್ತಿರೋ ಅರ್ಧ ಜನಕ್ಕೆ ಗೊತ್ತು, ಜೊತೆಯಲ್ಲೇ ಓದಿದವರು ನೀವು. ಮಳೆಗಾಲದಲ್ಲಿ ಸೋರ್ತಿತ್ತು. ಮೂರು ತರಗತಿಗೆ ಒಬ್ಬರೇ ಮೇಷ್ಟ್ರು. ಅದನ್ನ ಹೊಗಳೋಕೆ ಹೊರಟಿಲ್ಲ. ಆದರೆ ನಮ್ಮೂರ ಹಂಚಿನ ಮನೆ ಎಷ್ಟಕ್ಕೆ ಹೋಗುತ್ತೆ ಅಂತ ಕೇಳಿ ಯಾರೂ ಮೇಷ್ಟ್ರನ್ನ ಕಳಿಸಲಿಲ್ಲ. ಅವರ ಸಂಬಳ ರಾಜ್ಯದ ಖಜಾನೆಯಿಂದ ಬರ್ತಿತ್ತು. ಆ ಖಜಾನೆ ತುಂಬಿದವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ವ್ಯಾಪಾರ ಮಾಡಿದವರು, ಮಂಗಳೂರಿನಲ್ಲಿ ಹೋಟೆಲು ನಡೆಸಿದವರು. ಅವರು ನನ್ನ ಮುಖ ನೋಡಿಲ್ಲ. ಅವರ ಪಾಲಿಗೆ ನಾನು ಕಂಡವರ ಮಗಳು. ಮೊನ್ನೆ ತಲೆ ಆಡಿಸಿದವರಲ್ಲಿ ಮುಕ್ಕಾಲು ಪಾಲು ಜನ ಹಾಗೇ ಓದಿ ಇಲ್ಲಿಗೆ ಬಂದವರು. ಅದೇ ನನಗೆ ತಡೆಯೋಕಾಗದ್ದು.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಈ ಊರಿಗೆ ಬಂದ ಹೊಸದರಲ್ಲಿ ನಾವು ಪಶ್ಚಿಮದ ಕಡೆ ಬಾಡಿಗೆಗಿದ್ದೆವು. ಮಗಳ ತರಗತಿಗೆ ಪೆನ್ಸಿಲು, ಕಾಗದ ಎಲ್ಲ ಟೀಚರ್ ತಮ್ಮ ಸಂಬಳದಲ್ಲೇ ತರ್ತಿದ್ದರು. ಪಕ್ಕದ ಮನೆಯಾಕೆ ರಾತ್ರಿ ಆಫೀಸುಗಳನ್ನ ಗುಡಿಸೋ ಕೆಲಸದವಳು. ಅವಳ ಮಗ, ನನ್ನ ಮಗಳು ಕೈ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದರು. ನಾವು ಮನೆ ಖಾಲಿ ಮಾಡೋ ದಿನ ಅವಳು ಯಾಕೆ ಹೋಗ್ತಿದ್ದೀರಿ ಅಂತ ಕೇಳಿದಳು. ಯಜಮಾನರ ಆಫೀಸಿಗೆ ಹತ್ತಿರ ಆಗುತ್ತೆ ಅಂದೆ. ಸುಳ್ಳು ಅಂತ ಅವಳಿಗೂ ಗೊತ್ತಾಯಿತು. ಆದರೂ ಒಂದು ಡಬ್ಬಿ ತುಂಬ ತಮಾಲೆ, ಅಂದರೆ ಮೆಕ್ಸಿಕೋ ಕಡೆಯ ಜೋಳದ ಹಿಟ್ಟಿನ ಕಡುಬು, ಕಟ್ಟಿಕೊಟ್ಟಳು. ಆ ಡಬ್ಬಿ ಇನ್ನೂ ನಮ್ಮ ಅಡುಗೆಮನೆಯಲ್ಲಿದೆ.

ಈ ಸಲವೂ ನಾನು ತಕರಾರು ಅರ್ಜಿ ಹಾಕ್ತೀನಿ. ಬೆಲೆ ತಪ್ಪು ಕಟ್ಟಿದ್ದರೆ ಕೇಳೋದು ನನ್ನ ಹಕ್ಕು. ಆದರೆ ಅಣ್ಣ, ನೀವು ಇದನ್ನ ಓದೇ ಓದ್ತೀರಿ ಅಂತ ಗೊತ್ತು. ಮುಂದಿನ ತಿಂಗಳು ಊಟ ನಮ್ಮ ಮನೆಯಲ್ಲಿ, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ. ಆ ಮಾತು ಮತ್ತೆ ಬಂದರೆ ಈ ಸಲ ನಾನು ಸುಮ್ಮನೆ ಬಡಿಸ್ತಾ ನಿಲ್ಲಲ್ಲ.