ಫ್ರಿಜ್ ಮೇಲಿನ ಸರ್ವರ್

ನನ್ನ ಹಳೇ ಫೋನು ಎರಡನೇ ಸಲ ನೆಲಕ್ಕೆ ಬಿದ್ದಾಗ ಪರದೆಯ ಬಲ ಅಂಚು ಸತ್ತುಹೋಯಿತು. ಒಂದು ಬೆರಳಗಲದ ಪಟ್ಟಿ, ಅಷ್ಟೇ. ಉಳಿದದ್ದೆಲ್ಲ ಗಟ್ಟಿ. ರಿಪೇರಿ ಅಂಗಡಿಯವನ ರೇಟು ಕೇಳಿ ಸುಮ್ನೆ ವಾಪಸ್ ಬಂದೆ. ಎಸೆಯೋಕೂ ಮನಸ್ಸಿಲ್ಲ. ಸರಿ, ಇದನ್ನು ಸರ್ವರ್ ಮಾಡಿಬಿಡೋಣ ಎಂದುಕೊಂಡೆ. ಫೋನು ಕೆಳಗೆ ಚಾರ್ಜಿಗೆ ಬಿದ್ದಿರುತ್ತದೆ. ನಾನು ಮಹಡಿ ಮೇಲೆ ಕೂತು, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರದೊಳಗೆ ಗುಟ್ಟಾಗಿ ಹೊಗಿಸುವ ಸಾಫ್ಟ್‌ವೇರ್) ಮೂಲಕ ಅದರೊಳಗೆ ಹೊಕ್ಕು ಕೆಲಸ ಹೇಳುತ್ತೇನೆ. ಪರದೆ ಮುಟ್ಟುವ ಗೋಜೇ ಇಲ್ಲ.

"ಮೆಟ್ಟಿಲಿಳಿದು ಬಂದು ಫೋನ್ ತಗೊಂಡ್ರೆ ಆಗಲ್ವೇನೋ?" ಎಂದರು ಅಮ್ಮ. ಇಂಥ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ಫೋನಿಗೆ ಟರ್ಮಕ್ಸ್ ಹಾಕಿದೆ, ಆಂಡ್ರಾಯ್ಡಿನಲ್ಲಿ ಕಮಾಂಡ್ ಬರೆದು ಕೆಲಸ ಮಾಡಿಸುವ ಆ್ಯಪ್ ಅದು. ಮೊದಲ ಸಾಲೇ 'ಪಿಕೆಜಿ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್'. ಪಿ ಅಕ್ಷರ ಎಲ್ಲಿರುತ್ತೆ ಹೇಳಿ? ಬಲ ಅಂಚಿನಲ್ಲಿ. ಎಂಟರ್ ಕೂಡ ಅಲ್ಲೇ. ತಪ್ಪಾದರೆ ಅಳಿಸುವ ಗುಂಡಿಯೂ ಅಲ್ಲೇ. ಪರದೆ ಮುಟ್ಟದಿರಲು ಎಸ್‌ಎಸ್‌ಎಚ್ ಬೇಕು, ಎಸ್‌ಎಸ್‌ಎಚ್ ಹಾಕಲು ಪರದೆ ಮುಟ್ಟಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ. ಕೊನೆಗೆ ಫೋನನ್ನು ಅಡ್ಡ ತಿರುಗಿಸಿದೆ. ಸತ್ತ ಪಟ್ಟಿ ಮೇಲಕ್ಕೆ ಹೋಯಿತು, ಪಿ ಸಿಕ್ಕಿತು. ಆದರೆ ಕೀಬೋರ್ಡ್ ಅರ್ಧ ಪರದೆ ನುಂಗಿ, ಬರೆದದ್ದು ಎರಡೇ ಸಾಲು ಕಾಣುತ್ತಿತ್ತು.

ಮುಂದಿನದು ಪಾಸ್‌ವರ್ಡ್. ಒತ್ತಿದರೆ ಏನೂ ಮೂಡುವುದಿಲ್ಲ, ಒಂದು ಚುಕ್ಕಿ ಕೂಡ ಇಲ್ಲ. ಅದರ ರೀತಿಯೇ ಹಾಗೆ. ನಾನೋ ಉಳಿದ ಪರದೆಯೂ ಸತ್ತಿತು ಎಂದುಕೊಂಡು ಒಂದೊಂದು ಅಕ್ಷರವನ್ನೂ ಮೂರು ಮೂರು ಸಲ ಒತ್ತಿದೆ. 1995ರಲ್ಲಿ ಫಿನ್ಲೆಂಡಿನ ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದಾಗ, ಅಲ್ಲಿನ ಸಂಶೋಧಕ ತಾತು ಯ್ಲೋನೆನ್ ಈ ಎಸ್‌ಎಸ್‌ಎಚ್ ಬರೆದರಂತೆ. ಕಳ್ಳರ ವಿಷಯ ಬಿಡಿ, ನನ್ನ ಪಾಸ್‌ವರ್ಡ್ ನನಗೇ ಸಿಗಲಿಲ್ಲ. ಹೊಸದು ಹಾಕಿದೆ.

ಲ್ಯಾಪ್‌ಟಾಪಿನಿಂದ ಕರೆದರೆ 'ಕನೆಕ್ಷನ್ ರೆಫ್ಯೂಸ್ಡ್'. ಪೋರ್ಟ್ ಎಂದರೆ ಯಂತ್ರದೊಳಗೆ ಹೋಗಲು ನಂಬರು ಹಾಕಿದ ಬಾಗಿಲು. ಎಸ್‌ಎಸ್‌ಎಚ್ ಎಂದರೆ ಪೋರ್ಟ್ 22 ಎಂದು ಬಾಯಿಪಾಠ. ಆದರೆ ರೂಟ್ ಮಾಡದ (ಪೂರ್ತಿ ಯಜಮಾನಿಕೆ ಕೈಗೆ ತಗೊಳ್ಳದ) ಆಂಡ್ರಾಯ್ಡಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ಸಾಮಾನ್ಯ ಆ್ಯಪ್‌ಗಳ ಕೈಗೆ ಸಿಗಲ್ಲ. ಅದಕ್ಕೇ ಟರ್ಮಕ್ಸ್ ಪಾಪ 8022ರಲ್ಲಿ ಕೂತಿರುತ್ತದೆ. ಇದು ಹೊಳೆಯುವಷ್ಟರಲ್ಲಿ ಎರಡು ಕಾಫಿ ಮುಗಿದಿತ್ತು.

ಫೋನನ್ನು ಫ್ರಿಜ್ ಮೇಲೆ ಸ್ಥಾಪಿಸಿದೆ. ಐದು ನಿಮಿಷಕ್ಕೆ ಸಂಪರ್ಕ ಕಡಿಯಿತು. ಪರದೆ ಆರಿದರೆ ಸಾಕು, ಬ್ಯಾಟರಿ ಉಳಿಸುತ್ತೇನೆ ಎಂದು ಫೋನು ತಾನೇ ಎಲ್ಲವನ್ನೂ ಮಲಗಿಸುತ್ತದೆ. ಫೋನು ಮಲಗದಂತೆ ತಡೆಯುವ ವೇಕ್ ಲಾಕ್ ಹಾಕಿ, ಸೆಟ್ಟಿಂಗ್ಸಿಗೆ ಹೋಗಿ, ಟರ್ಮಕ್ಸನ್ನು ಮುಟ್ಟಬೇಡ ಎಂದು ಹೇಳಿ ಬಂದೆ. ಮರುದಿನ ಕರೆಂಟ್ ಹೋಯಿತು. ಬ್ಯಾಟರಿ ಇದ್ದ ಫೋನು ಆರಾಮಾಗಿತ್ತು, ಸತ್ತದ್ದು ರೌಟರ್. ಕರೆಂಟ್ ಬಂದಮೇಲೆ ಫೋನಿನ ಐಪಿ ನಂಬರಿನಲ್ಲಿ (ರೌಟರ್ ಕೊಡುವ ವಿಳಾಸ) ಟಿವಿ ಬಂದು ಕೂತಿತ್ತು. ಟವೆಲ್ ಹಾಕದ ಬಸ್ ಸೀಟು ಯಾರಿಗೆ ಉಳಿಯುತ್ತೆ? ರೌಟರಿನ ಸೆಟ್ಟಿಂಗ್ಸಿನಲ್ಲಿ ಫೋನಿನ ಹೆಸರಲ್ಲಿ ಒಂದು ಟವೆಲ್ ಹಾಕಿದೆ.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಟರ್ಮಕ್ಸ್‌ಗೆ ಎಪಿಐ ಅಂತ ಇನ್ನೊಂದು ಆ್ಯಪ್ ಇದೆ. ಅದನ್ನು ಹಾಕಿದರೆ ದೂರದಿಂದಲೇ ಫೋನಿನ ಟಾರ್ಚ್ ಹಚ್ಚಬಹುದು, ಅದರ ಬಾಯಲ್ಲಿ ಮಾತಾಡಿಸಬಹುದು. ರಾತ್ರಿ ಹನ್ನೊಂದಕ್ಕೆ 'ಊಟ ಆಯ್ತಾ?' ಎಂದು ಬರೆದು ಕಳಿಸಿದೆ. ಏನೂ ಕೇಳಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಕಳಿಸಿದೆ.

ಕೆಳಗೆ ಕತ್ತಲ ಅಡುಗೆಮನೆಯಲ್ಲಿ ಹೆಂಗಸಿನ ದನಿ ಮೊಳಗಿತು. ನೀರು ಕುಡಿಯಲು ಎದ್ದಿದ್ದ ಅಮ್ಮನ ದನಿ ಹಿಂದೆಯೇ ಬಂತು: "ಆಯ್ತು ಕಣಮ್ಮಾ... ಯಾರದು?" ಆಮೇಲೆ ಲೋಟ ಬಿದ್ದ ಸದ್ದು.

ಬೆಳಗ್ಗೆ ಸರ್ವರ್ ಪತ್ತೆಯಿಲ್ಲ. ಫ್ರಿಜ್ ಮೇಲೆ ಚಾರ್ಜರಿನ ವೈರು ಮಾತ್ರ ನೇತಾಡುತ್ತಿತ್ತು. ಹುಡುಕಿದರೆ ಸ್ಟೀಲಿನ ಚಕ್ಕುಲಿ ಡಬ್ಬದಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ, ಮೇಲೆ ಒಂದು ಕಲ್ಲಿನ ಕುಟ್ಟಾಣಿ ಹೇರಿತ್ತು. ಸ್ಟೀಲಿನ ಡಬ್ಬದೊಳಗೆ ವೈಫೈ ಎಲ್ಲಿಂದ ಬರಬೇಕು?

"ಅಮ್ಮಾ, ಇದ್ಯಾಕೆ ಇಲ್ಲಿದೆ?"

"ರಾತ್ರಿ ಮಾತಾಡುತ್ತೆ. ಅಲ್ಲೇ ಇರಲಿ ಬಿಡು," ಎಂದರು, ದೋಸೆ ತಿರುವುತ್ತಾ. "ಊಟ ಕೇಳ್ತಿತ್ತು ಪಾಪ, ಅದಕ್ಕೇ ಎರಡು ಚಕ್ಕುಲಿನೂ ಇಟ್ಟಿದ್ದೀನಿ."