ಬಂಗಲೆ ನೋಡುವುದಾದರೆ ಹಿತ್ತಲಿನಿಂದ ಹೊರಡಿ

ಹೂಸ್ಟನ್‌ನಲ್ಲಿ ಮಗನೋ ಮಗಳೋ ಇರುವ ನಮ್ಮ ಕಡೆಯ ಅಪ್ಪ-ಅಮ್ಮಂದಿರ ಆರು ತಿಂಗಳ ಅಮೆರಿಕ ವಾಸದಲ್ಲಿ ನಾಸಾ ಮುಗಿದು, ಮೀನಾಕ್ಷಿ ದೇವಸ್ಥಾನ ಮುಗಿದು, ಕಾಸ್ಟ್‌ಕೋ ಅಂಗಡಿ ಲೆಕ್ಕವಿಲ್ಲದಷ್ಟು ಸಲ ಮುಗಿದ ಮೇಲೆ ನ್ಯೂ ಆರ್ಲಿಯನ್ಸ್ ಸರದಿ ಬರುತ್ತದೆ. ಆಗ ಯಾರೋ ಒಬ್ಬರು, ‘ದಾರೀಲೇ ಇದೆಯಲ್ಲ, ಆ ಕಬ್ಬಿನ ತೋಟದ ಹಳೇ ಬಂಗಲೆಯನ್ನೂ ನೋಡಿಕೊಂಡು ಹೋಗೋಣ’ ಎನ್ನುತ್ತಾರೆ. ಅವಾಂತರ ಶುರುವಾಗುವುದು ಈ ‘ದಾರೀಲೇ ಇದೆ’ ಎಂಬಲ್ಲಿಂದ.

ಹೂಸ್ಟನ್‌ನಿಂದ ಆ ಬಂಗಲೆಗಳ ಸೀಮೆಯಾದ, ಲೂಯಿಸಿಯಾನ ರಾಜ್ಯದ ವಾಶರೀ ಎಂಬ ಊರಿಗೆ ಸುಮಾರು 500 ಕಿಲೋಮೀಟರು. ಎಲ್ಲೂ ನಿಲ್ಲಿಸದಿದ್ದರೆ ಐದು ಗಂಟೆ. ಫ್ಲಾಸ್ಕಿನ ಕಾಫಿ, ಡಬ್ಬಿಯ ಚಕ್ಕುಲಿ ಮತ್ತು ಅಪ್ಪನ ಬಿ.ಪಿ. ಮಾತ್ರೆ ಸೇರಿದರೆ ಆರೂವರೆ. ಇದರ ಮೇಲೆ ಬ್ಯಾಟನ್ ರೂಜ್‌ನ ಸೇತುವೆ. ಅದರ ಮೇಲೆ ವಾಹನಗಳು ನಿಂತವೆಂದರೆ ನಿಂತವೇ. ಮುಂಗಡ ಕಾದಿರಿಸಿದ ಹನ್ನೊಂದರ ಟಿಕೆಟ್ಟು ಕೈಯಲ್ಲಿ, ಹನ್ನೊಂದು ಹೊಡೆಯುವ ಹೊತ್ತಿಗೆ ಕಾರು ಸೇತುವೆಯ ನೆತ್ತಿಯಲ್ಲಿ. ಹೊಳೆ ದಾಟಿ ಒಂದು ಗಂಟೆಯೂ ಆಗಿರುವುದಿಲ್ಲ, ಗ್ರಾಮರ್ಸಿ ಹತ್ತಿರ ಜಿಪಿಎಸ್ ಇನ್ನೊಂದು ದೊಡ್ಡ ಸೇತುವೆ ಹತ್ತಿಸುತ್ತದೆ.

‘ಅಲ್ಲ ಕಣೋ, ಈಗ ತಾನೇ ದಾಟಿದ್ವಲ್ಲ, ಇದ್ಯಾವ ಹೊಳೆ?’

‘ಅದೇ ಹೊಳೆ ಅಪ್ಪ.’

‘ಅದೇ ಹೊಳೇನ ಎರಡು ಸಲ ಯಾಕೋ ದಾಟಬೇಕು?’

ಮಗನ ಹತ್ತಿರ ಉತ್ತರವಿಲ್ಲ. ಉತ್ತರ ಇಷ್ಟೇ: ಹೆದ್ದಾರಿ ಬ್ಯಾಟನ್ ರೂಜ್‌ನಲ್ಲಿ ಮಿಸಿಸಿಪ್ಪಿಯ ಪೂರ್ವ ದಂಡೆಗೆ ದಾಟುತ್ತದೆ. ಜನ ನೋಡಹೊರಡುವ ಓಕ್ ಆ್ಯಲಿ, ಲಾರಾ, ವಿಟ್ನಿ ಬಂಗಲೆಗಳು ಮೂರೂ ಇರುವುದು ಪಶ್ಚಿಮ ದಂಡೆಯಲ್ಲಿ. ಡೆಸ್ಟ್ರೆಹಾನ್ ಮಾತ್ರ ಪೂರ್ವದಲ್ಲಿ. ಎರಡೂ ದಂಡೆಗಳ ರಸ್ತೆಗೆ ರಿವರ್ ರೋಡ್ ಎಂದೇ ಹೆಸರು. ಬರೀ ‘ರಿವರ್ ರೋಡ್’ ಎಂದು ನಂಬಿ ಹೊರಟವರು ಆಚೆ ದಂಡೆಯಲ್ಲಿ ನಿಂತು ಈಚೆ ದಂಡೆಯ ಬಂಗಲೆಯನ್ನು ಹುಡುಕುತ್ತಾರೆ. ಪೂರ್ತಿ ವಿಳಾಸ ಹಾಕಿ. ಅದಕ್ಕಿಂತ ಒಳ್ಳೆಯದೆಂದರೆ ಹಿಂದಿನ ರಾತ್ರಿಯೇ ನ್ಯೂ ಆರ್ಲಿಯನ್ಸ್ ಸೇರಿ, ಬೆಳಿಗ್ಗೆ ಅಲ್ಲಿಂದ ಒಂದು ಗಂಟೆಯ ದಾರಿ ವಾಪಸ್ ಬರುವುದು. ಬಂಗಲೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಬಹುದು.

ಇಷ್ಟೆಲ್ಲ ಹೊಳೆ ದಾಟಿ ಬಂದವರಿಗೆ ಬಂಗಲೆಯ ಅಂಗಳದಿಂದ ಹೊಳೆ ಕಾಣುವುದಿಲ್ಲ. ಪ್ರವಾಹ ತಡೆಯಲು ಉದ್ದಕ್ಕೂ ಎತ್ತರದ ಮಣ್ಣಿನ ಏರಿ ಹಾಕಿದ್ದಾರೆ. ಹುಲ್ಲು ಬೆಳೆದ ಆ ದಿಬ್ಬದ ಹಿಂದೆ ಹಡಗೊಂದರ ಮೇಲ್ತುದಿ ಮಾತ್ರ ಹೊಲದ ಮೇಲೆ ನಡೆದ ಹಾಗೆ ಹೋಗುವುದು ಕಂಡರೆ ಗಾಬರಿಯಾಗಬೇಡಿ. ರಸ್ತೆ ದಾಟಿ ಏರಿ ಹತ್ತಿದರೆ ಮಿಸಿಸಿಪ್ಪಿ ಅಲ್ಲೇ ಇದೆ.

ವಾಟ್ಸಾಪಿನಲ್ಲಿ ಓಡಾಡುವ ಹಳೆಯ ಪ್ರವಾಸದ ಪಟ್ಟಿಯನ್ನು ನಂಬಿ ಹೊರಡುವವರಿಗೂ ಒಂದು ಮಾತು. ಅದರಲ್ಲಿ ನಾಟೋವೇ ಎಂಬ ಹೆಸರಿದ್ದರೆ ಹೊಡೆದುಹಾಕಿ. 1859ರಲ್ಲಿ ಮುಗಿದ, ಅಮೆರಿಕದ ದಕ್ಷಿಣದ ಅಂಥ ಬಂಗಲೆಗಳಲ್ಲೇ ಅತಿ ದೊಡ್ಡದೆನಿಸಿದ್ದ ಆ ಮನೆ 2025ರ ಮೇ 15ರಂದು ಬೆಂಕಿಗೆ ಸಿಕ್ಕಿ ಹೋಯಿತು. ಪಟ್ಟಿಯಲ್ಲಿ ಅದಿನ್ನೂ ‘ತಪ್ಪದೇ ನೋಡಿ’ ಎಂದೇ ಇದೆ.

ಈಗ ಅಸಲು ವಿಷಯ. ಬಂದವರೆಲ್ಲ ಮುಂಬಾಗಿಲಿನಿಂದ ಶುರು ಮಾಡುತ್ತಾರೆ. ಕಂಬ, ದೀಪದ ಗೊಂಚಲು, ಮಹಾಗನಿ ಮೇಜು, ಬೆಳ್ಳಿ ಚಮಚ. ಒಂದು ಗಂಟೆ ಕತ್ತೆತ್ತಿ ನೋಡಿ ಕತ್ತು ನೋವು ಬರಿಸಿಕೊಂಡು, ಹಿತ್ತಲಿಗೆ ಬರುವ ಹೊತ್ತಿಗೆ ಮಂಡಿಯೂ ನೋಯುತ್ತಿರುತ್ತದೆ, ಹೊಟ್ಟೆಯೂ ಹಸಿದಿರುತ್ತದೆ. ‘ಅಲ್ಲೇನಿದೆ, ಬರೀ ಗುಡಿಸಲು’ ಎಂದು ಅಲ್ಲಿಂದಲೇ ಕಾರಿಗೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಪೂರಾ ಸುಳ್ಳು. ಬಂಗಲೆ ಎದ್ದದ್ದೇ ಹಿತ್ತಲಿನ ಗುಡಿಸಲುಗಳಲ್ಲಿದ್ದ ಗುಲಾಮರ ದುಡಿಮೆಯಿಂದ. ಹಿತ್ತಲನ್ನು ನೋಡದೆ ಬಂಗಲೆ ನೋಡಿದವರಿಗೆ ಸಿಗುವುದು ಪೀಠೋಪಕರಣದ ಅಂಗಡಿಗೆ ಹೋಗಿ ಬಂದಷ್ಟೇ ಜ್ಞಾನ.

ವಿಟ್ನಿಯವರು ಈ ಚಪಲಕ್ಕೆ ಮದ್ದು ಕಂಡುಕೊಂಡಿದ್ದಾರೆ. 2014ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದ ಈ ಜಾಗ ಮಾಲೀಕರ ಕಥೆ ಹೇಳುವುದಕ್ಕಿಲ್ಲ, ಗುಲಾಮಗಿರಿಯಲ್ಲಿ ದುಡಿದವರ ಕಥೆ ಹೇಳುವುದಕ್ಕಿದೆ. ಮೊದಲು ಚರ್ಚು, ಕಲ್ಲಿನ ಮೇಲೆ ಸಾಲುಸಾಲಾಗಿ ಕೆತ್ತಿದ ಹೆಸರುಗಳು, ಗುಡಿಸಲುಗಳು. ದೊಡ್ಡ ಮನೆ ಬರುವುದು ಕೊನೆಗೆ. ಚರ್ಚಿನೊಳಗೆ ಆಳುದ್ದಕ್ಕಿಂತ ಗಿಡ್ಡನೆಯ ಮಣ್ಣಿನ ಪ್ರತಿಮೆಗಳು ನಿಂತಿವೆ, ಕೂತಿವೆ. ಅವು ಗುಲಾಮಗಿರಿಯಲ್ಲಿ ಹುಟ್ಟಿದ ಮಕ್ಕಳವು. ನಮ್ಮವರಿಗೆ ಪ್ರತಿಮೆ ಕಂಡರೆ ಅದರ ಹೆಗಲ ಮೇಲೆ ಕೈ ಹಾಕಿ ಹಲ್ಲು ಬಿಟ್ಟು ಫೋಟೋ ತೆಗೆಸಿಕೊಳ್ಳುವ ಅಭ್ಯಾಸ. ಇಲ್ಲಿ ಬೇಡ. ‘ಇವರ ಯಜಮಾನರು ಒಳ್ಳೆಯವರಾಗಿದ್ದರಾ?’ ಎಂದು ಗೈಡನ್ನು ಕೇಳುವುದೂ ಬೇಡ. ದಿನಕ್ಕೆ ಹಲವು ಸಲ ಆ ಪ್ರಶ್ನೆ ಕೇಳಿಸಿಕೊಳ್ಳುವವರ ತಾಳ್ಮೆಗೂ ಮಿತಿ ಇದೆ. ಇನ್ನೊಂದು, ವಿಟ್ನಿ ವಾರದಲ್ಲಿ ಒಂದು ದಿನ ಬಾಗಿಲು ಹಾಕಿರುತ್ತದೆ. ನೀವು ಹೋಗುವ ದಿನವೇ ಅದಾಗಿರದಂತೆ ನೋಡಿಕೊಳ್ಳಿ.

ಹಿತ್ತಲಿನಲ್ಲಿ ಗುಡಾಣದಂಥ ಕಬ್ಬಿಣದ ಪಾತ್ರೆಗಳು ಕಾಣುತ್ತವೆ. ಬೇರೆಯವರು ಅದನ್ನು ತಾವರೆ ಕೊಳ ಎಂದುಕೊಂಡು ಚಿಲ್ಲರೆ ಕಾಸು ಎಸೆಯುವುದುಂಟು. ಮಂಡ್ಯದ ಕಡೆಯ ಅಪ್ಪನಿಗೆ ಮಾತ್ರ ಯಾರೂ ಹೇಳಬೇಕಾಗಿಲ್ಲ. ‘ಇದು ಕೊಪ್ಪರಿಗೆ ಕಣಮ್ಮ!’ ಆರೂವರೆ ಗಂಟೆಯ ಪ್ರಯಾಣದಲ್ಲಿ ಮೊದಲ ಸಲ ಅವರ ಮುಖ ಅರಳುತ್ತದೆ. ನಮ್ಮ ಆಲೆಮನೆಯಲ್ಲಿ ಒಂದೋ ಎರಡೋ ಕೊಪ್ಪರಿಗೆಯಾದರೆ, ಇಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕೋ ಐದೋ ಒಂದೇ ಸಾಲಿನಲ್ಲಿ. ಬೆಂಕಿ ಅತಿ ಚಿಕ್ಕದರ ಕೆಳಗೆ. ಅದರ ಬಿಸಿ ನೆಲದಡಿಯ ಕೊಳವೆಯಲ್ಲಿ ಮಿಕ್ಕವುಗಳ ಅಡಿ ಹಾದು ಹೋಗಿ ಚಿಮಣಿ ಸೇರುತ್ತಿತ್ತು. ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಮೇಲೆ ಬಂದ ಮಡ್ಡಿ ತೆಗೆದು, ಉದ್ದ ಹಿಡಿಯ ಸೌಟಿನಲ್ಲಿ ಕುದಿಯುತ್ತಿರುವುದನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಪಾಕ ಗಟ್ಟಿಯಾದಷ್ಟೂ ಪಾತ್ರೆ ಚಿಕ್ಕದು, ಬೆಂಕಿ ಹತ್ತಿರ. ಮೈ ಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ನಮ್ಮಲ್ಲಿ ಕಬ್ಬು ವರ್ಷವೊಪ್ಪತ್ತು ಹೊಲದಲ್ಲಿ ನಿಲ್ಲಬಹುದು. ಲೂಯಿಸಿಯಾನದಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿ ಬರುವ ಮೊದಲೇ ಕಡಿದು ಅರೆದು ಮುಗಿಸಬೇಕು. ಹಾಗಾಗಿ ಅಕ್ಟೋಬರಿನಿಂದ ವರ್ಷದ ಕೊನೆಯವರೆಗೆ ಗಾಣ ಹಗಲು ರಾತ್ರಿ ನಿಲ್ಲುತ್ತಿರಲಿಲ್ಲ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಟ್ಟವರ ಕೈ ಉರುಳೆಗೆ ಸಿಕ್ಕುತ್ತಿತ್ತು.

ಈ ಸೌಟಿನ ಕೆಲಸ ತಪ್ಪಿಸುವ ಯಂತ್ರ ಕಂಡುಹಿಡಿದವನು ನ್ಯೂ ಆರ್ಲಿಯನ್ಸ್‌ನ ನಾರ್ಬರ್ಟ್ ರಿಲ್ಯೂ. 1806ರಲ್ಲಿ ಹುಟ್ಟಿದವನು, ಗುಲಾಮಳಲ್ಲದ ಕಪ್ಪು ತಾಯಿಗೂ ಬಿಳಿಯ ತಂದೆಗೂ ಮಗನಾದವನು. ಒಂದು ಪಾತ್ರೆಯ ಆವಿಯಿಂದ ಮುಂದಿನ ಪಾತ್ರೆ ಕಾಯಿಸುವುದು, ಅದರೊಳಗಿನ ಒತ್ತಡ ತಗ್ಗಿಸಿ ಕಡಿಮೆ ಬಿಸಿಯಲ್ಲೇ ಕುದಿಸುವುದು ಅವನ ಉಪಾಯ. 1840ರ ದಶಕದ ಆ ಪೇಟೆಂಟಿನ ತತ್ವದ ಮೇಲೇ ಮಂಡ್ಯದ ಸಕ್ಕರೆ ಕಾರ್ಖಾನೆಯೂ ರಸ ಇಂಗಿಸುತ್ತದೆ. ಇಷ್ಟು ಹೇಳಿದ್ದೇ ತಡ, ಅಪ್ಪ ಖುಷಿಯಲ್ಲಿ ಬೇಲಿ ಆಚೆಯ ಕಬ್ಬಿನ ಗದ್ದೆಗೆ ಇಳಿದು ಒಂದು ಜಲ್ಲೆ ಮುರಿಯಲು ನೋಡುತ್ತಾರೆ. ತಡೆಯಿರಿ. ಅದು ಇಂದಿಗೂ ಬೇರೆಯವರು ಬೆಳೆಯುವ ಹೊಲ. ‘ಒಂದು ಜಲ್ಲೆಗೆ ಯಾರೇನಂತಾರೆ’ ಎಂಬ ನಮ್ಮೂರ ನ್ಯಾಯ ಅಲ್ಲಿ ನಡೆಯದು.

ಓಕ್ ಆ್ಯಲಿಯ ಹಿತ್ತಲಿನಲ್ಲಿ ಗುಲಾಮರ ಗುಡಿಸಲುಗಳನ್ನು ಮರಳಿ ಕಟ್ಟಿದ್ದಾರೆ. ಅಲ್ಲಿ ಆಂಟ್ವಾನ್ ಎಂಬ ಮಾಲಿಯ ಕಥೆ ಓದದೆ ಬರಬೇಡಿ. ಅಕ್ರೋಟಿನ ಜಾತಿಯ ಪೆಕಾನ್ ಬೀಜದ ಸಿಪ್ಪೆ ಗಟ್ಟಿ. ಒಳ್ಳೆಯ ಮರದ ಬೀಜ ಬಿತ್ತಿದರೆ ಹುಟ್ಟುವ ಗಿಡ ತಾಯಿಯ ಹಾಗೇ ಇರುವುದಿಲ್ಲ. ಆಂಟ್ವಾನ್ 1846-47ರ ಚಳಿಗಾಲದಲ್ಲಿ ತೆಳು ಸಿಪ್ಪೆಯ ತಳಿಯ ಕಡ್ಡಿಯನ್ನು ಹದಿನಾರು ಮರಗಳಿಗೆ ಕಸಿ ಕಟ್ಟಿ ಗೆದ್ದ. ಅದೇ ತಳಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಮಾಲೀಕ ಸತ್ತಾಗ 1848ರಲ್ಲಿ ಆಸ್ತಿ ಪಟ್ಟಿ ಮಾಡಿದರಲ್ಲ, ಅದರಲ್ಲಿ ಆಂಟ್ವಾನನೂ ಇದ್ದಾನೆ. ಹೆಸರು, ವಯಸ್ಸು 38, ಕೆಲಸ, ಅದರ ಮುಂದೆ ಬೆಲೆ: ಸಾವಿರ ಡಾಲರು. ಅಂಗಡಿಯಲ್ಲಿ ಪೆಕಾನ್ ಮಿಠಾಯಿ ಕೊಳ್ಳುವ ಮುಂಚೆ ಈ ಗುಡಿಸಲಿಗೆ ಹೋಗಿ ಬರುವುದು ವಾಸಿ.

ಆಮೇಲೆ ಬೇಕಾದರೆ ಬಂಗಲೆ ಒಳಗೆ ಹೋಗಿ. ಹೋಗುವ ಮುನ್ನ ಶೌಚಾಲಯಕ್ಕೆ ಹೋಗಿ ಬನ್ನಿ, ಅದಿರುವುದು ಹೊರಗೆ, ಟಿಕೆಟ್ಟಿನ ಕಡೆ. ಒಳಗೆ ಮಲಗುವ ಕೋಣೆಯಲ್ಲಿ ಮುಚ್ಚಳವಿರುವ ಕುರ್ಚಿಯೊಂದು ಇಟ್ಟಿರುವುದುಂಟು. ಗೈಡು ‘ಇದು ಆ ಕಾಲದ ಕಕ್ಕಸು’ ಎಂದು ಹೇಳಿದ ಕೂಡಲೇ ಮೂರು ವರ್ಷದ ಮೊಮ್ಮಗನಿಗೆ ಅವಸರವಾಗುತ್ತದೆ. ಪ್ರವಾಸ ಮುಗಿಯಲು ಇನ್ನೂ ಅರ್ಧ ಗಂಟೆ ಇರುತ್ತದೆ.

ಅಮ್ಮನ ಕೈ ಮೇಲೂ ಒಂದು ಕಣ್ಣಿರಲಿ. ಸೀರೆ ಅಂಗಡಿಯ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡದು. ರೇಷ್ಮೆ ಪರದೆ ಕಂಡರೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಂದು ಸಲ ಉಜ್ಜಿ ನೋಡಲೇಬೇಕು. ಹಳೆಯ ರೇಷ್ಮೆ ಬೆಳಕಿಗೆ ಒಣಗಿ ಎಳೆ ಸತ್ತಿರುತ್ತದೆ. ಉಜ್ಜಿದರೆ ಮಡಿಕೆಯಲ್ಲೇ ಸೀಳುತ್ತದೆ. ಬೆವರಿನ ಉಪ್ಪು, ಎಣ್ಣೆ ಮರದ ಪಾಲಿಶಿಗೂ ಚಿನ್ನದ ರೇಕಿನ ಚೌಕಟ್ಟಿಗೂ ಒಳ್ಳೆಯದಲ್ಲ. ಬೆನ್ನ ಚೀಲ ಇದ್ದರೆ ಎದೆಗೆ ತಿರುಗಿಸಿ ಹಾಕಿಕೊಳ್ಳಿ. ಹೂದಾನಿ ಬೀಳುವುದು ಮುಂದೆ ನೋಡುವವರಿಂದಲ್ಲ, ಹಿಂದೆ ತಿರುಗುವವರಿಂದ. ಲಾರಾದಂಥ ಕ್ರಿಯೋಲ್ (ಇಲ್ಲೇ ಹುಟ್ಟಿ ಬೆಳೆದ ಫ್ರೆಂಚ್ ಮೂಲದವರ) ಮನೆಯಲ್ಲಂತೂ ಒಳಗೆ ಓಣಿಯೇ ಇಲ್ಲ, ಒಂದು ಕೋಣೆಯಿಂದ ನೇರ ಇನ್ನೊಂದಕ್ಕೆ ಬಾಗಿಲು. ಇಪ್ಪತ್ತು ಜನ ಒಂದೇ ಬಾಗಿಲಲ್ಲಿ ನುಗ್ಗುವಾಗ ಚೀಲ ಯಾವುದಕ್ಕೆ ತಗುಲಿತೆಂದು ತಿಳಿಯುವುದು ಸದ್ದಾದ ಮೇಲೇ.

ಅಪ್ಪನದು ಬೇರೆ ಚಟ. ಮರ ಕಂಡರೆ ಬೆರಳ ಗೆಣ್ಣಿನಿಂದ ಕುಟ್ಟಿ ‘ತೇಗಾ?’ ಎನ್ನುವುದು. ಈ ಕಡೆಯ ಬಂಗಲೆಗಳಲ್ಲಿ ಸೈಪ್ರೆಸ್ ಮರಕ್ಕೆ ಬಣ್ಣ ಬಳಿದು ಓಕ್ ಮಾಡಿರುತ್ತಾರೆ, ಮರಕ್ಕೆ ಗೆರೆ ಎಳೆದು ಅಮೃತಶಿಲೆ ಮಾಡಿರುತ್ತಾರೆ. ಓಕ್ ಆ್ಯಲಿಯ 28 ದಪ್ಪ ಕಂಬಗಳೂ ಒಳಗೆ ಇಟ್ಟಿಗೆ, ಮೇಲೆ ಗಾರೆ. ಕುಟ್ಟಿದರೆ ಗುಟ್ಟು ಗೊತ್ತಾಗುತ್ತದೆ ನಿಜ, ಗೈಡಿನ ಮುಖವೂ ಕೆಂಪಾಗುತ್ತದೆ.

ಮಂಚದ ಮುಂದೆ ನಿಂತು ಯಾರಾದರೂ ‘ಆಗ ಜನ ಕುಳ್ಳಗಿದ್ದರು, ಅದಕ್ಕೇ ಮಂಚ ಗಿಡ್ಡ’ ಎಂದರೆ ತಲೆಯಾಡಿಸಿ, ನಂಬಬೇಡಿ. ಮಂಚ ಗಿಡ್ಡವಲ್ಲ. ಕಂಬ ಎತ್ತರ, ಸೂರು ಎತ್ತರ, ಹಾಸಿಗೆ ದಪ್ಪ. ಕಣ್ಣಿಗೆ ಉದ್ದ ಕಮ್ಮಿ ಕಾಣುತ್ತದೆ.

ಓಕ್ ಆ್ಯಲಿಯ ಊಟದ ಮೇಜಿನ ಮೇಲೆ ನೇತುಹಾಕಿದ ದೊಡ್ಡ ಮರದ ಹಲಗೆ ಕಂಡಾಗ ನಮ್ಮವರ ಎದೆ ಉಬ್ಬುತ್ತದೆ. ‘ಇದು ನಮ್ಮ ಪಂಕಾ ಅಲ್ವೇ!’ ಹೌದು, ಬ್ರಿಟಿಷರ ಬಂಗಲೆ, ಕಚೇರಿಗಳಲ್ಲಿ ನಮ್ಮವರಿಂದ ಎಳೆಸುತ್ತಿದ್ದ ಪಂಕಾದ್ದೇ ಜಾತಿ. ಇಲ್ಲಿ ಅದರ ಹಗ್ಗ ಮೂಲೆಯಲ್ಲಿ ನಿಂತ ಗುಲಾಮರ ಮಗುವಿನ ಕೈಯಲ್ಲಿರುತ್ತಿತ್ತು. ಊಟ ಮುಗಿಯುವವರೆಗೆ ನೊಣ ಓಡಿಸಬೇಕು, ಮಾತು ಕೇಳಿಸಿದರೂ ಕೇಳಿಸದಂತಿರಬೇಕು. ಎರಡೂ ಕಡೆ ಹಗ್ಗ ಯಾರ ಕೈಯಲ್ಲಿತ್ತೆಂದು ಯೋಚಿಸಿದರೆ ಉಬ್ಬಿದ ಎದೆ ತಾನೇ ಇಳಿಯುತ್ತದೆ.

ಇನ್ನು ಫೋಟೋ. ಓಕ್ ಆ್ಯಲಿಯಲ್ಲಿ ಎರಡು ಸಾಲು, 28 ಓಕ್ ಮರ, ಸುಮಾರು 240 ಮೀಟರು. ಮನೆ ಎದ್ದದ್ದು 1837-39ರಲ್ಲಿ, ಮರಗಳು ಅದಕ್ಕಿಂತ ಎಷ್ಟೋ ಹಿರಿಯವು. ಕ್ಯಾಲೆಂಡರಿನಲ್ಲಿ ನೋಡಿದ ಆ ಚಿತ್ರ ಬೇಕಾದರೆ ಮನೆಯ ಹತ್ತಿರ ನಿಲ್ಲಬೇಡಿ, ಸಾಲಿನ ಆಚೆ ತುದಿಗೆ, ಏರಿ ಕಡೆಯ ಗೇಟಿನ ತನಕ ನಡೆಯಿರಿ. ಜುಲೈನಲ್ಲಾದರೆ ಫೋನು ತೆಗೆದ ಕೂಡಲೇ ಚಿತ್ರವೆಲ್ಲ ಮಂಜು. ಎ.ಸಿ. ಕಾರಿನಲ್ಲಿ ತಣ್ಣಗಾದ ಗಾಜಿನ ಮೇಲೆ ಹೊರಗಿನ ಹಸಿಗಾಳಿ ನೀರಾಗಿ ಕೂರುತ್ತದೆ. ಸೆರಗಿನಿಂದ ಒರೆಸಿದರೆ ಮತ್ತೆ ಕೂರುತ್ತದೆ. ಹದಿನೈದು-ಇಪ್ಪತ್ತು ನಿಮಿಷ ಕಾಯಬೇಕು. ಇಲ್ಲದಿದ್ದರೆ ತಲುಪುವ ಹತ್ತು ನಿಮಿಷ ಮೊದಲೇ ಎ.ಸಿ. ಆರಿಸಿ ಕಿಟಕಿ ಇಳಿಸಿ. ಅದಕ್ಕೆ ಕಾರಿನೊಳಗೆ ಬಹುಮತ ಸಿಗುವುದು ಕಷ್ಟ.

ಊಟದ ವಿಷಯದಲ್ಲಿ ಶಾಕಾಹಾರಿಗಳು ಹುಷಾರು. ಕೆಂಪು ರಾಜ್ಮಾ-ಅನ್ನ ಎಂದು ತರಿಸಿದರೆ ಅದರೊಳಗೆ ಸಾಸೇಜು. ಗಂಬೋ ಎಂಬ ಬೆಂಡೆಕಾಯಿ ಸಾರಿಗೆ ಆಸೆಪಟ್ಟರೆ ಅದರೊಳಗೆ ಕೋಳಿಯೋ ಸೀಗಡಿಯೋ. ‘ತರಕಾರಿ ಇದೆಯಾ’ ಎಂದು ಕೇಳಿ ಪ್ರಯೋಜನವಿಲ್ಲ, ತರಕಾರಿ ಇರುತ್ತದೆ. ‘ಮಾಂಸದ ನೀರೂ ಇಲ್ಲವಾ’ ಎಂದು ಕೇಳಬೇಕು. ಆದ್ದರಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗುವ ಅಮ್ಮನ ನಿರ್ಧಾರ ಸರಿಯೇ. ಹೊರಗಿನ ಬುತ್ತಿ ಎಲ್ಲಿ ಬಿಚ್ಚಬಹುದೆಂದು ಮೊದಲೇ ಕೇಳಿಕೊಂಡು ಅಲ್ಲೇ ಬಿಚ್ಚಿ.

ನೆಲ ಮಾತ್ರ ನೋಡಿ ಕೂರಿ. ಹುಲ್ಲಿನ ನಡುವೆ ಬಾಯಿಲ್ಲದ, ಪುಡಿಪುಡಿಯಾದ ಮಣ್ಣಿನ ಗುಪ್ಪೆ ಕಂಡರೆ ಅದು ಬೆಂಕಿ ಇರುವೆಯ ಮನೆ. ಜಮಖಾನದ ಒಂದು ಅಂಚು ಅದರ ಮೇಲೆ ಬಿದ್ದರೆ ಸಾಕು, ಸದ್ದಿಲ್ಲದೆ ಮೊಣಕಾಲ ತನಕ ಹತ್ತಿ ಆಮೇಲೆ ಚುಚ್ಚಲು ಶುರು ಮಾಡುತ್ತವೆ. ಕೊಡವಿದರೆ ಬೀಳುವುದಿಲ್ಲ, ನೀರು ಸುರಿದರೂ ಬಿಡುವುದಿಲ್ಲ. ದವಡೆಯಿಂದ ಚರ್ಮ ಕಚ್ಚಿ ಹಿಡಿದು, ಸುತ್ತ ತಿರುಗುತ್ತ ಹಲವು ಸಲ ಚುಚ್ಚುತ್ತವೆ. ಬಟ್ಟೆಯಿಂದ ಒರಟಾಗಿ ಉಜ್ಜಿ ಕಿತ್ತುಹಾಕಬೇಕು, ತಣ್ಣನೆಯ ಬಟ್ಟೆ ಇಡಬೇಕು. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಡ ಮಾಡದೆ 911ಕ್ಕೆ ಫೋನು ಮಾಡಿ. ಮಾರನೆಯ ದಿನ ಬಿಳಿ ಗುಳ್ಳೆ ಏಳುತ್ತದೆ, ಒಡೆಯಬಾರದು. ಅಮ್ಮ ಅಷ್ಟರಲ್ಲಿ ಚೀಲದಿಂದ ಅರಿಶಿನದ ಡಬ್ಬಿ ತೆಗೆದಿರುತ್ತಾರೆ. ಹಚ್ಚಲಿ ಬಿಡಿ, ಆದರೆ ಹೋಟೆಲಿನ ಬಿಳಿ ಹಾಸಿಗೆಗೆ ಮೊದಲು ಹಳೆಯ ಪಂಚೆಯೊಂದನ್ನು ಹಾಸಿ. ಇಲ್ಲದಿದ್ದರೆ ಬಿಲ್ಲಿನ ಕೊನೆಯಲ್ಲಿ ಅದಕ್ಕೂ ಒಂದು ಸಾಲು ಸೇರುತ್ತದೆ.